ತಾಯಕ್ಕನ ಸಾಲು ಸೊಟ್ಟಾದ ದಿನ

ನನ್ನ ಬಾಯಿ ಒಳ್ಳೆಯದಲ್ಲ ಎಂದು ಊರೆಲ್ಲ ಹೇಳುತ್ತದೆ. ಸುಳ್ಳೇನಲ್ಲ. ಹದಿನಾಲ್ಕು ಹೆಣ್ಣುಮಕ್ಕಳ ನಾಟಿ ಗುಂಪನ್ನು ಹದಿನೆಂಟು ವರ್ಷ ನಡೆಸಿದವಳ ಬಾಯಲ್ಲಿ ಜೇನು ಸುರಿಯಬೇಕು ಅಂದರೆ ಹೇಗೆ? ಕಾಲುವೆಗೆ ನೀರು ಬಿಟ್ಟರೆಂದರೆ ಕಂಪ್ಲಿಯ ಸುತ್ತಮುತ್ತ ಎಲ್ಲರಿಗೂ ಒಂದೇ ವಾರದಲ್ಲಿ ಭತ್ತದ ನಾಟಿ ಮುಗಿಯಬೇಕು, ಎಲ್ಲರಿಗೂ ಈ ಪಕೀರಮ್ಮನ ಗುಂಪೇ ಬೇಕು. ಬೇರೆಯವರು ಹಗ್ಗ ಹಿಡಿದು ಹಚ್ಚುವ ಸಾಲನ್ನು ನಾವು ಹಗ್ಗವಿಲ್ಲದೆ ಹಚ್ಚುತ್ತೇವೆ. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈಯಲ್ಲಿ ನಾಟಿ, ಬೆನ್ನು ಬಾಗಿಸಿ ಹಿಂದಕ್ಕೆ ಹಿಂದಕ್ಕೆ ನಡಿಗೆ. ಒಬ್ಬೊಬ್ಬಳಿಗೂ ಆರು ಸಸಿ ಅಗಲದ ಒಂದು ಪಟ್ಟಿ. ಆ ಪಟ್ಟಿ ನೋಡಿದರೆ ಸಾಕು, ಹಚ್ಚಿದವಳು ಯಾರು, ಅವತ್ತು ಅವಳ ಮನಸ್ಸು ಎಲ್ಲಿತ್ತು ಎಂದು ನಾನು ಹೇಳಬಲ್ಲೆ.

ನಮ್ಮಲ್ಲಿ ಎಲ್ಲರಿಗಿಂತ ನೆಟ್ಟಗಿನ ಸಾಲು ನನ್ನದಲ್ಲ, ತಾಯಕ್ಕನದು. ತಾಯಕ್ಕ ನನ್ನ ನೆಗೆಣ್ಣಿ, ಗಂಡನ ಅಣ್ಣ ಎರ್ರೆಪ್ಪ ಭಾವನ ಹೆಂಡತಿ. ಐವತ್ತೆರಡು ವರ್ಷದವಳು. ನಾಟಿ ಬಿಟ್ಟರೆ ಅವಳಿಗೆ ಇನ್ನೊಂದು ವಿದ್ಯೆ ಗೊತ್ತು, ಅಣಕ. ಗೌಡರ ನಡಿಗೆ, ಬಸ್ ಕಂಡಕ್ಟರನ ಕೂಗು, ನನ್ನ ಸಿಟ್ಟು, ಯಾವುದನ್ನೂ ಅವಳು ಬಿಟ್ಟವಳಲ್ಲ. ಅಣಕದಲ್ಲಿ ಅವಳದು ಎತ್ತಿದ ಕೈ.

ಕಳೆದ ಜೂನಿನಲ್ಲಿ ಅವಳಿಗೆ ಹೊಸ ಪಾತ್ರ ಸಿಕ್ಕಿತು. ನಮ್ಮೂರಿನ ಆಶಾ ಕಾರ್ಯಕರ್ತೆ ತುಳಸಿ ಅಂಗನವಾಡಿಯ ಮುಂದೆ ಹೆಣ್ಣುಮಕ್ಕಳನ್ನೆಲ್ಲ ಕೂಡಿಸಿ ಲಕ್ವದ ಬಗ್ಗೆ ಹೇಳಿದಳು. ತುಳಸಿಗೆ ಮೂವತ್ತು ದಾಟಿಲ್ಲ. ಮಾತಾಡುವಾಗ ಬೆರಳು ಮಡಚಿ ಎಣಿಸುವ ಅಭ್ಯಾಸ.

“ಮೊದ್ಲು ನಗಾಕ ಹೇಳ್ರಿ. ಬಾಯಿ ಒಂದ್ ಕಡಿ ಜೋತು ಬೀಳ್ತೈತೇನು ನೋಡ್ರಿ. ಆಮ್ಯಾಲ ಎರಡೂ ಕೈ ಎತ್ತಾಕ ಹೇಳ್ರಿ. ಒಂದ್ ಕೈ ಕೆಳಗ ಇಳೀತೈತೇನು ನೋಡ್ರಿ. ಆಮ್ಯಾಲ ಒಂದ್ ಮಾತು ಆಡಸ್ರಿ, ತೊದಲ್ತಾರೇನು ಕೇಳ್ರಿ. ಇದ್ರಾಗ ಒಂದ್ ಕಂಡ್ರೂ ತಡ ಮಾಡಬ್ಯಾಡ್ರಿ, ದವಾಖಾನಿಗೆ ಓಡ್ರಿ. ಓಡೋಕಿಂತ ಮೊದ್ಲು ಗಂಟಿ ನೋಡ್ರಿ. ಎಷ್ಟೊತ್ತಿಗೆ ಶುರುವಾತು ಅನ್ನೋದು ಡಾಕ್ಟ್ರಿಗೆ ಭಾಳ ಬೇಕು.”

“ನಮ್ ಕೈಯಾಗ ಗಡಿಯಾರ ಎಲ್ಲೈತಬೇ ತುಳಸಿ? ಕೆಸರು ಐತಿ” ಎಂದೆ ನಾನು. ಎಲ್ಲರೂ ನಕ್ಕರು. ನಕ್ಕರೆ ನನ್ನ ಬಾಯಿ ಇನ್ನಷ್ಟು ಉದ್ದ. “ನಾವ್ ನಕ್ಕು ಕೈ ಎತ್ತಿ ಕುಣಿದ್ರ ನಿನಗೇನರ ಬಹುಮಾನ ಕೊಡ್ತಾರೇನು? ನಮ್ಮವ್ವಗ ಲಕ್ವ ಹೊಡ್ದು ಏಳು ವರ್ಷ ಹಾಸಿಗ್ಯಾಗ ಬಿದ್ದಿದ್ಲಲ್ಲ, ಅವಾಗ ಎಲ್ಲಿಗೆ ಹೋಗಿತ್ತು ನಿನ್ನ ಈ ಶಾಣ್ಯಾತನ?”

ತುಳಸಿಯ ಮುಖ ಸಣ್ಣದಾಯಿತು. “ಅವಾಗ ನಾನು ಮೂರನೇ ಕ್ಲಾಸಿನ್ಯಾಗ ಇದ್ದೆ ಅಕ್ಕಾ” ಎಂದಳು. ಪಾಪ, ಸರಿಯಾಗಿಯೇ ಹೇಳಿದ್ದಳು. ಆದರೂ ನಾನು ಸೆರಗು ಕೊಡವಿ ಎದ್ದು ಬಂದೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮರುದಿನದಿಂದ ಗದ್ದೆಯಲ್ಲಿ ತಾಯಕ್ಕನ ಆಟ ಶುರು. ಚಹಾ ಕುಡಿದು ಕೆಸರಿಗೆ ಇಳಿದ ಕೂಡಲೇ ಬಾಯಿ ಒಂದು ಕಡೆ ಸೊಟ್ಟ ಮಾಡಿ, ಎರಡೂ ಕೈ ಮೇಲೆತ್ತಿ, ಒಂದು ಕೈಯನ್ನು ಸೋರೆಬಳ್ಳಿಯಂತೆ ಇಳಿಬಿಟ್ಟು, ನಾಲಿಗೆ ದಪ್ಪ ಮಾಡಿ “ಗಂತಿ ನೋದ್ಲೀ ಅಕ್ಕಾ” ಎನ್ನುತ್ತಿದ್ದಳು. ನಮಗೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಗು. ಆಮೇಲೆ ಆಮೇಲೆ ಎಲ್ಲರೂ ಅದನ್ನೇ ಹೇಳತೊಡಗಿದರು. ಯಾರಿಗಾದರೂ ಸಸಿಯ ಕಟ್ಟು ಎಸೆಯಬೇಕಾದರೆ “ನಗು, ಕೈ ಎತ್ತು, ಮಾತಾಡು, ಗಂಟಿ ನೋಡು” ಎಂದು ಕೂಗಿ ಎಸೆಯುವುದು. ತುಳಸಿ ಹತ್ತು ಸಲ ಮೀಟಿಂಗು ಮಾಡಿದ್ದರೂ ಅದು ನಮಗೆ ಅಷ್ಟು ಬಾಯಿಪಾಠ ಆಗುತ್ತಿರಲಿಲ್ಲ.

ಜುಲೈ ಕೊನೆಯ ವಾರ. ಕಾಲುವೆಯ ಸೇತುವೆಯ ಪಕ್ಕ ಕೊಟ್ರಯ್ಯನವರ ಮೂರು ಎಕರೆಯಲ್ಲಿ ನಾಟಿ. ಅವರ ಗದ್ದೆಯ ನಡುವೆ ಒಂದು ಕರೆಂಟಿನ ಕಂಬ ಇದೆ. ನಾವು ಸಾಲು ಹಚ್ಚುತ್ತ ಕಂಬದ ಸಮಕ್ಕೆ ಬಂದಾಗ ಅವರು ನನಗೆ ಫೋನು ಮಾಡಿ “ಚಾ ತಂದೀನಿ, ಬರ್ರಿ” ಎಂದರು. ಬದುವಿನ ಮೇಲೆ ಕುಳಿತೆವು. ತಾಯಕ್ಕ ಎಡಗೈಯಲ್ಲಿ ತುಂಬಿದ ಕೆಟಲ್ ಹಿಡಿದು, ಬಲಗೈಯಲ್ಲಿ ಲೋಟ ಕೊಡುತ್ತ, ಹದಿನಾಲ್ಕೂ ಜನಕ್ಕೆ ಬಗ್ಗಿಸಿಕೊಟ್ಟಳು. ನನ್ನ ಲೋಟಕ್ಕೆ ಬಂದಾಗ “ಮೇಸ್ತ್ರಿಗೆ ಸಕ್ರಿ ಜಾಸ್ತಿ ಹಾಕ್ಬೇಕಿತ್ತು, ಬಾಯಿ ಕಹಿ ಐತಿ” ಎಂದಳು.

ಮತ್ತೆ ಕೆಸರಿಗೆ ಇಳಿದೆವು. ಹತ್ತು ನಿಮಿಷ ಆಗಿರಬಹುದು, ತಾಯಕ್ಕನ ಎಡಗೈಯಿಂದ ಸಸಿಯ ಕಟ್ಟು ಜಾರಿ ನೀರಿಗೆ ಬಿತ್ತು. ಎತ್ತಿಕೊಂಡಳು. ಮತ್ತೆ ಬಿತ್ತು.

“ಕೈಗೆ ಬೆಣ್ಣಿ ಹಚ್ಕೊಂಡೀಯೇನು?” ಎಂದೆ.

ಅವಳು ನನ್ನ ಕಡೆ ತಿರುಗಿ ಏನೋ ಹೇಳಿದಳು. ಮಾತು ದಪ್ಪ ದಪ್ಪ. ಎಡಗಡೆಯ ತುಟಿ ಕೆಳಗೆ ಜೋತಿತ್ತು. ಗುಂಪೆಲ್ಲ ಗೊಳ್ಳೆಂದು ನಕ್ಕಿತು. “ಶುರುವಾತು ನೋಡ್ರಿ ತುಳಸಿ ಮೀಟಿಂಗು!” ಎಂದು ರೇಣುಕಾದೇವಿ ಚಪ್ಪಾಳೆ ತಟ್ಟಿದಳು. ನನಗೆ ಮಾತ್ರ ನಗು ಬರಲಿಲ್ಲ. ಅನುಮಾನ ಬಂದಿದ್ದಕ್ಕಲ್ಲ, ಕೊಟ್ರಯ್ಯನವರು ಬದುವಿನ ಮೇಲೆ ನಿಂತು ನೋಡುತ್ತಿದ್ದರು, ಅದಕ್ಕೆ.

“ಸಾಕ್ ಮಾಡು ನಾಟಕ. ಸ್ವಾಮೇರು ನೋಡಾಕತ್ಯಾರ” ಎಂದು ಗದರಿದೆ.

ತಾಯಕ್ಕ ಬಗ್ಗಿ ಮತ್ತೆ ಹಚ್ಚತೊಡಗಿದಳು. ಎಲ್ಲರೂ ಒಂದು ಸಮಕ್ಕೆ ಹೋಗುತ್ತಿದ್ದರೆ ಅವಳೊಬ್ಬಳು ಆ ಸಮಕ್ಕೆ ಬರಲಾರದೆ ಉಳಿದಳು. ಇನ್ನೂ ಎರಡು ಸಲ ಬೈದೆ. ಎರಡನೇ ಸಲ “ಕೈಲಾಗಲಾರದಾಕಿ ಮನ್ಯಾಗ ಕುಂದರಬೇಕು” ಎಂದುಬಿಟ್ಟೆ. ಒಂದಕ್ಕೆ ಎರಡು ತಿರುಗಿಸಿ ಕೊಡುವ ಹೆಂಗಸು ಅವಳು, ಅವತ್ತು ಬಾಯಿ ತೆರೆಯಲಿಲ್ಲ. ನನ್ನ ಮಾತಿಗೆ ಬೆಲೆ ಬಂತು ಎಂದು ಒಳಗೊಳಗೇ ಉಬ್ಬಿದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹನ್ನೆರಡು ದಾಟಿದ ಮೇಲೆ ಅವಳು ಕೆಸರಿನಲ್ಲಿಯೇ ಕುಸಿದು ಬಿದ್ದಳು. ಬಿಸಿಲಿಗೆ ತಲೆ ತಿರುಗಿರಬೇಕು ಎಂದು ಬದುವಿಗೆ ಎಳೆದು ತಂದೆವು. ರೇಣುಕಾದೇವಿ ಮಜ್ಜಿಗೆ ಕುಡಿಸಿದಳು. ಮಜ್ಜಿಗೆ ಗಂಟಲಿಗೆ ಇಳಿಯದೆ ಎಡಗಡೆಯ ಕಟಬಾಯಿಯಿಂದ ಸುರಿದು ಸೆರಗೆಲ್ಲ ಒದ್ದೆಯಾಯಿತು. ಅಣಕ ಮಾಡುವವರು ಮಜ್ಜಿಗೆ ಸುರಿಸಿಕೊಳ್ಳುವುದಿಲ್ಲ.

“ಅಕ್ಕಾ, ನಗಬೇ” ಎಂದೆ.

ನಕ್ಕಳು. ಮುಖದ ಅರ್ಧ ನಕ್ಕಿತು.

“ಎರಡೂ ಕೈ ಎತ್ತು.”

ಬಲಗೈ ಎದ್ದಿತು. ಎಡಗೈ ತೊಡೆಯ ಮೇಲೆ ಬಿದ್ದಲ್ಲೇ ಬಿದ್ದಿತ್ತು. ತಾಯಕ್ಕ ಅದನ್ನು ನೋಡಿದಳು, ಬಲಗೈಯಿಂದ ಎಡಗೈಯನ್ನು ಹಿಡಿದು ಮೇಲೆತ್ತಲು ಹೋದಳು. ಮೂರನೆಯದನ್ನು ನಾನು ಕೇಳಲಿಲ್ಲ, ಕೇಳುವ ಧೈರ್ಯ ಇರಲಿಲ್ಲ.

ಮಾತು ಬಿಟ್ಟವಳಿಗೆ ಫೋನು ಮಾಡಿದೆ. ಮಗಳು ನನ್ನ ಫೋನಿನಲ್ಲಿ ಆ ನಂಬರಿಗೆ ‘ಕೈ ಎತ್ತು ತುಳಸಿ’ ಎಂದು ಹೆಸರು ಹಾಕಿದ್ದಳು. ಎರಡು ಸಲ ರಿಂಗಾಗುವಷ್ಟರಲ್ಲಿ ಎತ್ತಿದಳು.

“ತುಳಸಿ, ತಾಯಕ್ಕ... ನಗು ಅರ್ಧ ಬಂತು, ಕೈ ಏಳವಲ್ದು.”

“ಬಾಯಾಗ ಏನೂ ಹಾಕಬ್ಯಾಡ್ರಿ ಅಕ್ಕಾ, ನೀರೂ ಬ್ಯಾಡ. ಒಂದ್ ಮಗ್ಗಲಕ್ಕ ಮಲಗಸ್ರಿ. ಆಂಬುಲೆನ್ಸ್ ಕರಸ್ತೀನಿ, ನಾನೂ ಬಂದೆ.” ಯಾಕೆ, ಏನು, ಅವತ್ತು ಹಂಗಂದಿದ್ರಲ್ಲ, ಒಂದೂ ಕೇಳಲಿಲ್ಲ.

ಅವಳಿಗಿಂತ ಮೊದಲು ಎರ್ರೆಪ್ಪ ಭಾವ ಬಂದರು. ಅವರು ಕಾಲುವೆಯ ತೂಬು ನೋಡಿಕೊಳ್ಳುವ ನೀರುಗಂಟಿ, ಸೇತುವೆಯ ಹತ್ತಿರವೇ ಇದ್ದರು. ಹೆಂಡತಿಯ ಮುಖ ನೋಡಿದವರೇ “ಲಕ್ವ ಹೊಡದೈತಿ. ಗಾಡಿ ಮಾಡ್ರಿ, ಪಾರಿವಾಳದ ರಕ್ತ ಹಚ್ಚೋ ಅಜ್ಜನ ತಲ್ಲಿ ಒಯ್ಯಾನು. ಮೂರ್ ದಿನ ಗಾಳಿ ತಾಗಲಾರದಂಗ ಕ್ವಾಣ್ಯಾಗ ಇಟ್ರ ಸರಿ ಆಕ್ಕೈತಿ” ಎಂದರು. ಅವರಿಗೆ ಗೊತ್ತಿದ್ದ ದಾರಿ ಅದೊಂದೇ.

ಭಾವನ ಎದುರು ನಾನು ಎಂದೂ ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ. “ಭಾವ, ನಮ್ಮವ್ವನ್ನ ಆ ಅಜ್ಜನ ತಲ್ಲೇ ಒಯ್ದಿದ್ವಿ. ಮೂರ್ ದಿನ ಕ್ವಾಣ್ಯಾಗ ಇಟ್ವಿ. ಪಾರಿವಾಳಾನೂ ಸತ್ತುವು, ಅವ್ವಾನೂ ಏಳು ವರ್ಷ ಅದ ಕ್ವಾಣ್ಯಾಗ ನವದು ಸತ್ಲು. ನಿಮ್ ಕಾಲಿಗೆ ಬೀಳ್ತೀನ್ರಿ, ತಾಯಕ್ಕನ್ನ ಅಲ್ಲಿಗೆ ಒಯ್ಯಬ್ಯಾಡ್ರಿ.”

ಅವರು ತಲೆ ಮೇಲೆ ಕೈ ಹೊತ್ತು ಕುಳಿತರು. ಅಷ್ಟರಲ್ಲಿ ತುಳಸಿಯ ಸ್ಕೂಟಿ ಬಂತು, ಹಿಂದೆಯೇ ಸೇತುವೆಯ ಮೇಲೆ ಆಂಬುಲೆನ್ಸು. ಸಸಿ ತಂದಿದ್ದ ತಾಡಪತ್ರಿಯಲ್ಲಿ ತಾಯಕ್ಕನನ್ನು ಮಲಗಿಸಿ ನಾವೇ ಎಂಟು ಜನ ಹೊತ್ತೊಯ್ದೆವು. ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಬೇಕು, ಹೊಸಪೇಟೆಗೇ ನಡೆಯಿರಿ ಎಂದು ತುಳಸಿ ಆಂಬುಲೆನ್ಸಿನವರಿಗೆ ಹೇಳಿ, ಆಸ್ಪತ್ರೆಗೂ ಮೊದಲೇ ಫೋನು ಮಾಡಿಸಿದಳು.

ಭಾವ ಮುಂದೆ ಕುಳಿತರು, ನಾನೂ ತುಳಸಿಯೂ ಹಿಂದೆ. ದಾರಿಯಲ್ಲಿ ಅವಳು ನನ್ನನ್ನು ಕೇಳಿದಳು. “ಎಷ್ಟೊತ್ತಿಗೆ ಶುರುವಾತು ಅಕ್ಕಾ?”

“ಹನ್ನೆರಡೂ ಕಾಲಿಗೆ ಬಿದ್ಲು.”

ಬಿದ್ದದ್ದು ಹೌದು, ಹನ್ನೆರಡೂ ಕಾಲಿಗೇ. ಆದರೆ ತುಳಸಿ ಕೇಳಿದ್ದು ಬಿದ್ದದ್ದನ್ನಲ್ಲ. ಅವಳು ಅಂಗೈ ಮೇಲೆ ಪೆನ್ನಿನಿಂದ ಅದನ್ನೇ ಬರೆದುಕೊಂಡಳು. ನಾನು ಕಿಟಕಿಯ ಆಚೆಯ ಬಾಳೆತೋಟ ನೋಡುತ್ತ ಕುಳಿತೆ.

ಹೊಸಪೇಟೆ ಮುಟ್ಟಿದಾಗ ಒಂದೂವರೆ. ತಾಯಕ್ಕನನ್ನು ನೇರ ಸ್ಕ್ಯಾನಿಗೆ ತಳ್ಳಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದರು. ಚಿಕ್ಕ ವಯಸ್ಸು, ಮಾತು ಮೈಸೂರಿನ ಕಡೆಯದು.

“ತಲೆಯೊಳಗೆ ರಕ್ತಸ್ರಾವ ಆಗಿಲ್ಲ, ರಕ್ತನಾಳ ಕಟ್ಟಿಕೊಂಡಿದೆ. ಕೊನೇ ಸಲ ಅವರು ಚೆನ್ನಾಗಿದ್ದಿದ್ದನ್ನ ನೀವು ನೋಡಿದ್ದು ಎಷ್ಟು ಗಂಟೆಗೆ?”

“ಮುಂಜಾನೆ ಆರಕ್ಕ ಏಳೋವಾಗ್ಲ ಸುಸ್ತು ಅಂತಿದ್ಲುರಿ. ಅವಾಗಿಂದಾನ ಇದ್ದಿರಬೇಕು” ಎಂದರು ಭಾವ. ಹೆಚ್ಚು ಹೊತ್ತಿನಿಂದ ನರಳುತ್ತಿದ್ದಾಳೆ ಎಂದರೆ ಹೆಚ್ಚು ನಿಗಾ ಮಾಡುತ್ತಾರೆ ಎಂದು ಅವರ ಲೆಕ್ಕ.

ಡಾಕ್ಟರಮ್ಮನ ಪೆನ್ನು ನಿಂತಿತು. ತುಳಸಿ ಅಂಗೈ ತೋರಿಸಿ “ಮೇಡಂ, ಹನ್ನೆರಡೂ ಕಾಲು ಅಂತ ಹೇಳ್ಯಾರ್ರಿ” ಎಂದಳು.

“ನೋಡಿ, ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ ಇದೆ. ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹೊತ್ತು ಮೀರಿದ ಮೇಲೆ ಕೊಟ್ಟರೆ ತಲೆಯೊಳಗೆ ರಕ್ತ ಸೋರೋ ಅಪಾಯ ಜಾಸ್ತಿ. ಬೆಳಿಗ್ಗೆ ಆರು ಅಂದ್ರೆ ಕೊಡೋಕಾಗಲ್ಲ. ನೀವು ಇಬ್ಬರು ಎರಡು ಹೇಳ್ತಿದ್ದೀರಿ. ನಾನು ಯಾವುದನ್ನ ನಂಬಲಿ?”

ಆಗ ನನಗೆ ಅರ್ಥವಾಯಿತು. ತಾಯಕ್ಕನ ಎಡಗೈ ಉಳಿಯುವುದೂ ಹೋಗುವುದೂ ನನ್ನ ಬಾಯಲ್ಲಿತ್ತು. ಊರಿನಲ್ಲಿ ಯಾರಿಗೂ ಹೆದರದ ಬಾಯಿ ಆಗ ಹೆದರಿತು. ಭಾವ ಪಕ್ಕದಲ್ಲೇ ಇದ್ದರು.

“ಎರಡೂ ಅಲ್ರಿ ಅಮ್ಮಾ” ಎಂದೆ. “ಹನ್ನೊಂದಕ್ಕ ಚಾ ಕುಡಿಯೋವಾಗ ಚಲೋ ಇದ್ಲು. ಎಡಗೈಯಾಗ ಕೆಟಲ್ ಹಿಡದು ಹದಿನಾಲ್ಕು ಮಂದಿಗೆ ಬಗ್ಗಿಸಿ ಕೊಟ್ಲು, ನನಗ ಚಾಷ್ಟಿ ಮಾಡಿದ್ಲು. ಚಾ ಆಗಿ ಹತ್ತು ನಿಮಿಷಕ್ಕ ಕೈಯಿಂದ ಸಸಿ ಕಟ್ಟು ಬಿತ್ತು. ಬಾಯಿ ಸೊಟ್ಟಾತು. ನಾನು ನೋಡೀನ್ರಿ. ಅಣಕ ಮಾಡಾಕತ್ಯಾಳ ಅಂತ ತಿಳದು ಬೈದೀನ್ರಿ. ಒಂದ್ ತಾಸು ಆ ಕೈಲೇ ದುಡಿಸೀನ್ರಿ.”

ಭಾವ ನನ್ನ ಕಡೆ ತಿರುಗಿದರು.

“ಹನ್ನೊಂದು ಅಂತ ಖಚಿತ ಹೇಗೆ? ಗಡಿಯಾರ ನೋಡಿದ್ರಾ?” ಎಂದು ಡಾಕ್ಟರಮ್ಮ ಕೇಳಿದರು.

ಗಡಿಯಾರ ಇರಲಿಲ್ಲ. ಫೋನು ತೆಗೆದು ತುಳಸಿಯ ಕೈಗೆ ಕೊಟ್ಟೆ. ಕೊಟ್ರಯ್ಯನವರು ಚಹಾಕ್ಕೆ ಕರೆದ ಫೋನು ಅದರಲ್ಲಿ ಹತ್ತು ಐವತ್ತೆಂಟಕ್ಕೆ ಬಂದಿತ್ತು. ಆಗ ನನಗೆ ಕಂಬ ನೆನಪಾಯಿತು. ಅಲ್ಲಿಂದಲೇ ಕೊಟ್ರಯ್ಯನವರಿಗೆ ಫೋನು ಹಚ್ಚಿದೆ. “ಸ್ವಾಮೇರ, ಕಂಬದ ತಲ್ಲಿ ತಾಯಕ್ಕ ಹಚ್ಚಿದ ಪಟ್ಟಿ ಫೋಟೋ ಹೊಡದು ಕಳಸ್ರಿ. ಜಲ್ದಿರಿ.”

ಅವರು ಮಧ್ಯಾಹ್ನದ ಊಟಕ್ಕೂ ಹೋಗದೆ ಅಲ್ಲೇ ಇದ್ದರಂತೆ. ಎರಡು ನಿಮಿಷದಲ್ಲಿ ಫೋಟೋ ಬಂತು. ಹದಿಮೂರು ಪಟ್ಟಿ ನೆಟ್ಟಗೆ ಹೋಗಿವೆ. ನಡುವಿನ ಒಂದು ಪಟ್ಟಿ ಕಂಬದವರೆಗೆ ಎಲ್ಲಕ್ಕಿಂತ ನೆಟ್ಟಗೆ ಬಂದಿದೆ. ಕಂಬ ದಾಟಿ ಎರಡು ಮಾರು ಆದಮೇಲೆ ಒಂದು ಕಡೆ ಹಿಡಿಗಟ್ಟಲೆ ಸಸಿ, ಇನ್ನೊಂದು ಕಡೆ ಬರೀ ನೀರು, ಸಾಲು ಬಲಕ್ಕೆ ವಾಲಿ ಪಕ್ಕದವಳ ಪಟ್ಟಿಗೆ ಹೋಗಿ ಸೇರಿದೆ.

“ಚಾ ಕುಡದಿದ್ದು ಈ ಕಂಬದ ಸಮಕ್ಕ ಇದ್ದಾಗ್ರಿ” ಎಂದು ಬೆರಳಿಟ್ಟು ತೋರಿಸಿದೆ. “ಎಡಗೈ ಬೆರಳಿನಿಂದ ಎರಡೆರಡ ಸಸಿ ಬಿಡಿಸಿ ಕೊಡಬೇಕ್ರಿ, ಅವಾಗ ಸಾಲು ನೆಟ್ಟಗ ಬರ್ತೈತಿ. ಮುಂಜಾನೆ ಆರಕ್ಕ ಕೈ ಹೋಗಿದ್ರ ಇಲ್ಲೀತನಕ ಹಿಂಗ ಹಚ್ಚಾಕ ಆಗ್ತಿದ್ದಿಲ್ರಿ. ಸುಸ್ತು ಬ್ಯಾರೆ, ಇದು ಬ್ಯಾರೆ.”

ಡಾಕ್ಟರಮ್ಮ ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ನೋಡಿದರು. ಭಾವನನ್ನು ಮತ್ತೊಮ್ಮೆ ಕೇಳಿದರು. ಮುಂಜಾನೆ ಎರಡೂ ಕೈಯಿಂದ ಎಮ್ಮೆ ಹಿಂಡಿದ್ದು ಹೌದು, ಜಡೆ ಹಾಕಿಕೊಂಡದ್ದು ಹೌದು ಎಂದು ಭಾವ ಒಪ್ಪಿದರು. “ಹನ್ನೊಂದು ಗಂಟೆಗೆ ಚೆನ್ನಾಗಿದ್ದರು ಅಂತ ಬರ್ಕೊಳ್ಳಿ” ಎಂದು ನರ್ಸಿಗೆ ಹೇಳಿ ಅವರು ಒಳಗೆ ಓಡಿದರು. ಎರಡು ಹತ್ತಕ್ಕೆ ಇಂಜೆಕ್ಷನ್ ಶುರುವಾಯಿತು. ಅವತ್ತು ನಾನು ನೋಡಿದಷ್ಟು ಗಂಟೆ ಜನ್ಮದಲ್ಲಿ ನೋಡಿರಲಿಲ್ಲ.

ಸಂಜೆ ಆರಕ್ಕೆ ಎಡಗೈಯ ಬೆರಳು ಅಲುಗಿದವು. ಭಾವ ಹೊರಗೆ ಬಂದು ಅದನ್ನು ಹೇಳಲಾಗದೆ ತಮ್ಮ ಬೆರಳುಗಳನ್ನೇ ಆಡಿಸಿ ತೋರಿಸಿದರು. ನಾನು ತುಳಸಿಯ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಅವಳಿಗೆ ಏನಾದರೂ ಹೇಳಬೇಕಿತ್ತು. ಬೈಯಲು ಬರುವಷ್ಟು ಸಲೀಸಾಗಿ ಒಳ್ಳೆಯ ಮಾತು ನನಗೆ ಬರುವುದಿಲ್ಲ.

“ಅವತ್ತು ಮೀಟಿಂಗಿನ್ಯಾಗ ನಾ ಅಂದಿದ್ದು...”

“ಇರ್ಲಿ ಬಿಡ್ರಿ ಅಕ್ಕಾ. ನಾ ಎಷ್ಟೋ ಕಡಿ ಹೇಳೀನಿ. ಬಾಯಿಪಾಠ ಮಾಡ್ಕೊಂಡೋರು ನೀವಷ್ಟ.”

“ಚಾಷ್ಟಿ ಮಾಡಾಕ ಮಾಡ್ಕೊಂಡಿದ್ವಬೇ.”

“ಮಾಡ್ಕೊಂಡ್ರಲ್ಲ” ಎಂದಳು ತುಳಸಿ. ಆ ಹುಡುಗಿಯ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ?

ಮರುದಿನ ಬೆಳಿಗ್ಗೆ ಒಬ್ಬಳೇ ಕೊಟ್ರಯ್ಯನವರ ಗದ್ದೆಗೆ ಇಳಿದೆ. ಹಿಡಿಗಟ್ಟಲೆ ನಿಂತ ಸಸಿ ಬಿಡಿಸಿ, ಖಾಲಿ ಬಿದ್ದಲ್ಲಿ ಹಚ್ಚುತ್ತ ಹೋದೆ. ಒಂದೊಂದು ಗುಂಪು ಕೈಗೆ ಸಿಕ್ಕಾಗಲೂ, ಬಾರದ ಕೈಯಲ್ಲಿ ಇದನ್ನು ಅವಳು ಹೇಗೆ ಹಚ್ಚಿರಬೇಕು, ನನ್ನ ಬೈಗುಳ ಕೇಳುತ್ತ ಹೇಗೆ ಹಚ್ಚಿರಬೇಕು ಎಂದು ಕೇಳಿಕೊಳ್ಳುತ್ತ ಬಿಡಿಸಿದೆ. ಕೊಟ್ರಯ್ಯನವರು ಬದುವಿನ ಮೇಲೆ ಚಹಾ ಇಟ್ಟು ಹೋದರು.

ಐದನೇ ದಿನಕ್ಕೆ ತಾಯಕ್ಕನ ನಾಲಿಗೆ ತಿರುಗಿತು. ಮಂಚದ ಪಕ್ಕ ಕುಳಿತು ಅವಳ ಎಡಗೈ ಹಿಡಿದು “ಅಕ್ಕಾ, ನಾ ನಿನಗ ಬೈದೆ, ತಪ್ಪಾತು” ಎಂದೆ.

“ಎಲ್ಲಾ ಕೇಳಿಸ್ತಿತ್ತು” ಎಂದಳು ನಿಧಾನಕ್ಕೆ. “ಕೈಲಾಗಲಾರದಾಕಿ ಅಂದೆಲ್ಲ, ತಿರುಗಿ ಅನ್ನಾಕ ನಾಲಿಗಿ ಏಳಲಿಲ್ಲ. ಈಗ ಎದ್ದೈತಿ. ಕೇಳು.”

ಅಲ್ಲಿಂದ ಶುರು ಮಾಡಿದಳು ನೋಡಿ. ನನ್ನ ತವರಿನಿಂದ ಹಿಡಿದು ನನ್ನ ಮೂಗಿನವರೆಗೆ, ಯಾವುದನ್ನೂ ಬಿಡದೆ ಬೈದಳು. ಅಲ್ಲಲ್ಲಿ ತೊದಲಿ, ನಿಂತು, ಮತ್ತೆ ಹಿಂದಿನ ಮಾತಿಗೆ ಹೋಗಿ ಸರಿಮಾಡಿಕೊಂಡು ಬೈದಳು. ಬಾಗಿಲಲ್ಲಿ ನಿಂತ ನರ್ಸು ಗಾಬರಿಯಾದಳು. ನಾನು ಅಳುತ್ತ ನಗುತ್ತ “ಇನ್ನೊಂದೀಟು ಬೈಯಿ ಅಕ್ಕಾ” ಎನ್ನುತ್ತಿದ್ದೆ. ಅಷ್ಟು ಚೆಂದದ ಬೈಗುಳ ನನ್ನ ಕಿವಿಗೆ ಎಂದೂ ಬಿದ್ದಿರಲಿಲ್ಲ.

ಈ ಜನವರಿಯ ಎರಡನೇ ಬೆಳೆಗೆ ತಾಯಕ್ಕ ಗುಂಪಿಗೆ ಬಂದಿದ್ದಾಳೆ. ಬಿ.ಪಿ. ಗುಳಿಗೆ ತಪ್ಪಿಸುವುದಿಲ್ಲ. ಎಡಗೈಯಲ್ಲಿ ಸ್ವಲ್ಪ ನಡುಕ ಉಳಿದಿದೆ, ಕೆಟಲ್ ಹಿಡಿದರೆ ಚಹಾ ಒಂದೆರಡು ಹನಿ ಚೆಲ್ಲುತ್ತದೆ. ಈಗ ತುಳಸಿ ಯಾವ ಊರಿಗೆ ಮೀಟಿಂಗಿಗೆ ಹೋದರೂ ಅವಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋಗುತ್ತಾಳೆ. ತಾಯಕ್ಕ ಬಾಯಿ ಸೊಟ್ಟ ಮಾಡಿ, ಕೈ ಇಳಿಬಿಟ್ಟು, “ಗಂತಿ ನೋದ್ಲೀ” ಎಂದರೆ ಜನ ಬಿದ್ದು ಬಿದ್ದು ನಗುತ್ತಾರೆ. ನಗಲಿ, ಎಷ್ಟು ನಕ್ಕರೆ ಅಷ್ಟು ನೆನಪಿರುತ್ತದೆ ಎಂದು ತುಳಸಿ ಹೇಳುತ್ತಾಳೆ.

ಒಮ್ಮೊಮ್ಮೆ ಗದ್ದೆಯಲ್ಲಿ ನಮ್ಮೆದುರಿಗೂ ಮಾಡುತ್ತಾಳೆ. ಗುಂಪೆಲ್ಲ ನಗುತ್ತದೆ. ನಾನು ಕಂಪ್ಲಿಯ ಬಜಾರಿನಲ್ಲಿ ಒಂದು ರಬ್ಬರ್ ಪಟ್ಟಿಯ ಗಡಿಯಾರ ಕೊಂಡಿದ್ದೇನೆ, ನೀರಿಗೆ ಕೆಸರಿಗೆ ಏನೂ ಆಗುವುದಿಲ್ಲ. ಅವಳ ಬಾಯಿ ಸೊಟ್ಟಾದ ಕೂಡಲೇ ಅದರ ಮೇಲಿನ ಕೆಸರು ಒರೆಸಿ ಗಂಟೆ ನೋಡುತ್ತೇನೆ. ಅವಳ ತುಟಿ ಮತ್ತೆ ನೆಟ್ಟಗಾಗಿ, “ಏನ್ ನೋಡ್ತಿ, ಸಸಿ ಹಚ್ಚು” ಎಂದು ನನಗೆ ಗದರಿದ ಮೇಲೆಯೇ ನಾನು ನಗುವುದು.